ಆಕ್ಟೇನ್ ಸಾಲದೆಂದು ಹೇಳಿ ಹಣ ಪಡೆದರು, ಎಚ್ಚರವಿರಲಿ

ಕಾಸರಗೋಡಿನ ಸುತ್ತಮುತ್ತ ಪೆಟ್ರೋಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಬೇಕು. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಬದಿಯಡ್ಕದಿಂದ ಪೆರ್ಲದ ಕಡೆಗೆ ಏರು ಹತ್ತುವಾಗ ನನ್ನ ಕಾರಿನಲ್ಲಿ ಟಕಟಕ ಸದ್ದು ಬರುತ್ತಿತ್ತು. ಪರಿಚಯದ ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತಿ ಎರಡು ನಿಮಿಷ ಕಿವಿಗೊಟ್ಟ ಮಾಲೀಕರು, "ಮಾಷ್ಟ್ರೇ, ಇದು ಎಂಜಿನ್ ನಾಕಿಂಗ್, ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಬಡಿಯುವ ಸದ್ದು. ನೀವು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಅಗ್ಗದ ಪೆಟ್ರೋಲ್ ತುಂಬಿಸುತ್ತೀರಲ್ಲ, ಇದನ್ನು ತಡೆಯುವಷ್ಟು ಆಕ್ಟೇನ್ ಅದರಲ್ಲಿಲ್ಲ. ಹೀಗೇ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ" ಎಂದರು. ಪಿಸ್ಟನ್ ಎಂಬ ಮಾತು ಕೇಳಿದ್ದೇ ತಡ, ನನ್ನ ಕೈ ಜೇಬಿಗೆ ಹೋಯಿತು. ಬಾಟಲಿಗೆ 850 ರೂಪಾಯಿಯಂತೆ ಪೆಟ್ರೋಲಿಗೆ ಬೆರೆಸುವ ಮೂರು ಆಕ್ಟೇನ್ ಬೂಸ್ಟರ್ ಕೊಂಡೆ. ಅವರ ಮಾತಿನಂತೆ ಎರಡು ತಿಂಗಳು ದುಬಾರಿಯಾದ 95 ಆಕ್ಟೇನ್ ಪೆಟ್ರೋಲನ್ನೇ ತುಂಬಿಸಿದೆ. ಸದ್ದು ಮಾತ್ರ ಹಾಗೆಯೇ ಇತ್ತು. ಕೇಳಿದರೆ, "ಎಂಜಿನ್ ಹೊಂದಿಕೊಳ್ಳಲು ಐದಾರು ಟ್ಯಾಂಕ್ ಬೇಕು ಮಾಷ್ಟ್ರೇ" ಎಂಬ ಉತ್ತರ ಬಂತು.

ಕೊನೆಗೆ ಮಂಗಳೂರಿನಲ್ಲಿ ಬೇರೊಬ್ಬ ಮೆಕ್ಯಾನಿಕ್ ಕಾರನ್ನು ಎತ್ತಿ ನೋಡಿ, ಸೈಲೆನ್ಸರ್ ಪೈಪಿನ ಮೇಲಿನ ಶಾಖ ತಡೆಯುವ ತಗಡಿನ ಬೋಲ್ಟು ಸಡಿಲವಾಗಿರುವುದನ್ನು ತೋರಿಸಿದರು. ಬಿಗಿ ಮಾಡಿದರು, ಸದ್ದು ನಿಂತಿತು. ಒಂದು ಬೋಲ್ಟು! ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯ ಚೀಟಿಯನ್ನು ಓದಿಸಿದವರೂ ಅವರೇ. ಕನಿಷ್ಠ 91 ಆಕ್ಟೇನ್ ಎಂದು ಅಲ್ಲಿ ಸ್ಪಷ್ಟವಾಗಿ ಮುದ್ರಿಸಿತ್ತು. ಏಳು ವರ್ಷಗಳಿಂದ ಆ ಮುಚ್ಚಳ ತೆರೆಯುತ್ತಿದ್ದೇನೆ, ಒಮ್ಮೆಯೂ ಓದಿರಲಿಲ್ಲ.

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆ ಮಿತಿಯ ನಿಯಮವಾದ ಬಿಎಸ್ 6 ದೇಶದಲ್ಲೆಲ್ಲ ಜಾರಿಗೆ ಬಂದಾಗ ಸಾದಾ ಪೆಟ್ರೋಲಿಗೂ ಕನಿಷ್ಠ 91 ಆಕ್ಟೇನ್ ಇರಲೇಬೇಕಿತ್ತು. ತಲಪಾಡಿಯ ಆಚೆ ಬೆಲೆ ಕಡಿಮೆಯಿರುವುದು ರಾಜ್ಯದ ತೆರಿಗೆಯಿಂದ, ಗುಣಮಟ್ಟದಿಂದಲ್ಲ. ಒತ್ತಡಕ್ಕೆ ಸಿಕ್ಕಿದ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದಷ್ಟೇ ಆಕ್ಟೇನ್ ಸಂಖ್ಯೆಯ ಅರ್ಥ. ಹೆಚ್ಚು ಒತ್ತಡದ ಎಂಜಿನ್‌ಗೆ, ಕೆಲವು ಟರ್ಬೊ ಕಾರುಗಳಿಗೆ ಹೆಚ್ಚಿನ ಸಂಖ್ಯೆ ಬೇಕು. 91 ಸಾಕೆನ್ನುವ ನನ್ನ ಸಾಮಾನ್ಯ ಕಾರಿಗೆ 95 ಹಾಕಿದ್ದರಿಂದ ಶಕ್ತಿಯೂ ಹೆಚ್ಚಲಿಲ್ಲ, ಮೈಲೇಜೂ ಹೆಚ್ಚಲಿಲ್ಲ.

ಹಿಂದಿರುಗಿ ಗ್ಯಾರೇಜಿಗೆ ಹೋಗಿ ಕೇಳಿದೆ. ಮೊದಲು, "ತೆರೆದ ಬಾಟಲಿ ವಾಪಸ್ ಇಲ್ಲ" ಎಂದರು. ನಾನು ಹಣ ಕೇಳಲು ಬಂದಿಲ್ಲ, ತಗಡನ್ನು ಯಾಕೆ ನೋಡಲಿಲ್ಲ ಎಂದಾಗ, ಕೆಲಸದ ಹುಡುಗರ ಎದುರಿನಲ್ಲೇ, "ಬೂಸ್ಟರ್ ಹಾಕಿದ್ದರಿಂದಲೇ ನಿಮ್ಮ ಎಂಜಿನ್ ಉಳಿದದ್ದು ಮಾಷ್ಟ್ರೇ" ಎಂದು ನಕ್ಕರು. ಆ ನಗು ಇನ್ನೂ ಕಣ್ಣಮುಂದಿದೆ.

ಯಾರಾದರೂ ಆಕ್ಟೇನ್ ಎಂದು ಬಾಯಿ ತೆರೆದರೆ ಮೊದಲು ಮುಚ್ಚಳದ ಚೀಟಿ ನೋಡಿ, ಕಾರನ್ನು ಎತ್ತಿ ಕೆಳಗೆ ಪರೀಕ್ಷಿಸಿದ ಮೇಲೆಯೇ ಬಾಟಲಿಯ ಮಾತು ಎಂದು ಹೇಳಿ. ಆ ಗ್ಯಾರೇಜಿನ ಮೆಟ್ಟಿಲನ್ನು ನಾನಂತೂ ಇನ್ನು ಹತ್ತುವುದಿಲ್ಲ.