ಬ್ರಾಡ್‌ಬ್ಯಾಂಡ್ ಬದಲಿಸಿದ ಮೇಲೆ ಎರಡು ಮಳೆಗಾಲ

ಅಂತರ್ಜಾಲ ಸಂಪರ್ಕ ಹಾಕಿಸಿಕೊಂಡ ವಾರದಲ್ಲೇ ಬರೆಯುವ ವಿಮರ್ಶೆಗೆ ಮಲೆನಾಡಿನಲ್ಲಿ ಹೆಚ್ಚು ಬೆಲೆಯಿಲ್ಲ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಯಾರು ಎಳೆದ ತಂತಿಯಾದರೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆರಿದ್ರಾ ಮಳೆ ಹಿಡಿದು, ಪುನರ್ವಸು ಮತ್ತು ಪುಷ್ಯ ಕಳೆದು, ಆಶ್ಲೇಷಾದ ಗಾಳಿ ಬೀಸಿದ ಮೇಲೂ ಅದು ನಿಂತಿದೆಯೇ ಎಂಬುದೇ ಚಿಕ್ಕಮಗಳೂರಿನವರಿಗೆ ಬೇಕಾದ ವಿಷಯ. ಹಿರೇಮಗಳೂರು ಕಡೆಯಲ್ಲಿರುವ ನಮ್ಮ ಮನೆಗೆ 2024ರ ಮಾರ್ಚ್‌ನಲ್ಲಿ ಫೈಬರ್ ಹಾಕಿಸಿದರೂ ಎರಡು ಮಳೆಗಾಲ ಮುಗಿಯಲಿ ಎಂದು ಕಾದು, ಹತ್ತೊಂಬತ್ತು ತಿಂಗಳ ನಂತರ ಈಗ ಬರೆಯುತ್ತಿದ್ದೇನೆ. ಸಂಪರ್ಕ ಯಾವಾಗ ಕಡಿಯಿತು, ಎಷ್ಟು ಹೊತ್ತಿಗೆ ಮರಳಿತು, ಯಾರು ಬಂದು ಏನು ಸರಿಪಡಿಸಿದರು ಎಂಬುದನ್ನೆಲ್ಲ ಮೊದಲ ದಿನದಿಂದಲೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕೆಳಗಿನ ಲೆಕ್ಕಗಳೆಲ್ಲ ಅಲ್ಲಿಂದ ಬಂದವು.

ನಾನು ತೆರಿಗೆ ಸಲಹೆಗಾರ್ತಿ, ಮನೆಯ ಮುಂಭಾಗದ ಕೋಣೆಯೇ ನನ್ನ ಕಚೇರಿ. ಪ್ರತಿ ತಿಂಗಳ 11 ಮತ್ತು 20ನೆಯ ತಾರೀಕುಗಳು ಜಿಎಸ್‌ಟಿ ವಿವರಗಳನ್ನು ಸಲ್ಲಿಸಬೇಕಾದ ಕೊನೆಯ ದಿನಗಳಾಗಿರುವುದರಿಂದ, ಆ ಎರಡು ದಿನ ಸಂಪರ್ಕ ಇಲ್ಲವಾದರೆ ಆಗುವ ನಷ್ಟ ನನ್ನೊಬ್ಬಳದಲ್ಲ, ನನ್ನನ್ನು ನಂಬಿದ ಅಂಗಡಿ ಮತ್ತು ತೋಟದ ಮಾಲೀಕರದು. ತಡವಾದ ಒಂದೊಂದು ದಿನಕ್ಕೂ ಸಾಮಾನ್ಯವಾಗಿ 50 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ. 2023ರ ಜುಲೈನಲ್ಲಿ ಹಳೆಯ ತಾಮ್ರದ ತಂತಿಯ ಸಂಪರ್ಕ ಸತತ ಒಂಬತ್ತು ದಿನ ಸತ್ತುಹೋಗಿತ್ತು. ಆ ಬಾರಿಯ 20ನೆಯ ತಾರೀಕಿನ ರಾತ್ರಿ ಮೊಬೈಲ್ ಸಿಗ್ನಲ್ ಸಿಗುವ ತಾರಸಿಯ ಮೂಲೆಯಲ್ಲಿ ಕೊಡೆ ಹಿಡಿದು ಕುಳಿತು ಕೊನೆಯ ವಿವರಪಟ್ಟಿ ಸಲ್ಲಿಸಿದಾಗಲೇ ಬದಲಿಸುವ ನಿರ್ಧಾರ ಆಗಿತ್ತು.

ಹಳೆಯ ಸಂಪರ್ಕದ ದೋಷ ಸಿಬ್ಬಂದಿಯದಕ್ಕಿಂತ ತಂತಿಯದು ಎಂದೇ ಹೇಳಬೇಕು. ತಾಮ್ರದ ಜೋಡಿ ತಂತಿಯಲ್ಲಿ ವಿನಿಮಯ ಕೇಂದ್ರದಿಂದ ದೂರ ಹೋದಷ್ಟೂ ವೇಗ ಕುಸಿಯುತ್ತದೆ. ದಾರಿಯ ಜಾಯಿಂಟುಗಳಿಗೆ ನೀರು ಇಳಿದರೆ ದೂರವಾಣಿಯಲ್ಲಿ ಗರಗರ ಸದ್ದು ಶುರುವಾಗಿ, ಮೋಡೆಮ್ ಪದೇ ಪದೇ ಕೊಂಡಿ ಕಳಚಿಕೊಳ್ಳುತ್ತದೆ. ಸಿಡಿಲಿನ ಹೊಡೆತವೂ ಅದೇ ತಂತಿಯ ಮೂಲಕ ಮನೆಯೊಳಗೆ ಬರುತ್ತದೆ. ಹನ್ನೊಂದು ವರ್ಷಗಳಲ್ಲಿ ಎರಡು ಮೋಡೆಮ್ ಹೀಗೆಯೇ ಸುಟ್ಟವು.

ಆದರೂ ಬದಲಾವಣೆಗೆ ಎಂಟು ತಿಂಗಳು ಹಿಡಿದದ್ದು ನನ್ನ ತಂದೆಯವರ ದೂರವಾಣಿ ಸಂಖ್ಯೆಯ ಕಾರಣಕ್ಕೆ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಲ್ಲೇ ಬಂದಿದೆ. ಸ್ಥಿರ ದೂರವಾಣಿಗೆ ಅದು ಇಲ್ಲ. 08262 ಎಂದು ಆರಂಭವಾಗುವ ನಮ್ಮ ಸಂಖ್ಯೆ ಮೂವತ್ತು ವರ್ಷಗಳಿಂದ ಬಂಧುಬಳಗದ ಎಲ್ಲರ ಬಾಯಲ್ಲಿದ್ದದ್ದು. ಸಂಪರ್ಕ ಮುಚ್ಚಿದರೆ ಅದೂ ಹೋಗುತ್ತದೆ ಎಂದು ತಿಳಿಸಿದಾಗ ಅವರು ಎರಡು ದಿನ ಮಾತಾಡಲಿಲ್ಲ. ಹೊಸ ಫೈಬರ್‌ನಲ್ಲಿಯೂ 08262ರ ಒಂದು ಸಂಖ್ಯೆ ಕೊಡುತ್ತಾರೆ ಎಂದು ಖಚಿತವಾದ ಮೇಲೆ ಒಪ್ಪಿದರು, ಮತ್ತು ಸಂಪರ್ಕ ಬಂದ ಮೇಲೆ ಹಳೆಯ ವಿಳಾಸ ಪುಸ್ತಕ ತೆರೆದಿಟ್ಟುಕೊಂಡು ಮೂರು ದಿನ ಕುಳಿತು ಒಬ್ಬೊಬ್ಬರಿಗೂ ತಾವೇ ಕರೆ ಮಾಡಿ ಹೊಸ ಸಂಖ್ಯೆ ಬರೆಸಿದರು. ಮನೆಯಲ್ಲಿ ಹಿರಿಯರಿದ್ದು ಸ್ಥಿರ ದೂರವಾಣಿ ಬಳಕೆಯಲ್ಲಿದ್ದರೆ, ಹಳೆಯ ಮತ್ತು ಹೊಸ ಸಂಪರ್ಕಗಳನ್ನು ಕನಿಷ್ಠ ಒಂದು ತಿಂಗಳು ಜೊತೆಯಾಗಿ ಇಟ್ಟುಕೊಳ್ಳಿ. ನಾವು ಹಾಗೆ ಮಾಡಿದ್ದರಿಂದ ಒಂದು ಮುಖ್ಯ ಕರೆಯೂ ತಪ್ಪಲಿಲ್ಲ.

ನಮ್ಮ ಬೀದಿಗೆ ಮೂರು ಕಂಪನಿಗಳ ಫೈಬರ್ ಬರುತ್ತಿತ್ತು. ಜಾಹೀರಾತಿನ ವೇಗ ಮೂರರದ್ದೂ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ನಾನು ಗ್ರಾಹಕ ಸೇವಾ ಕೇಂದ್ರಗಳಿಗೆ ಕರೆ ಮಾಡುವ ಬದಲು, ಆ ಕಂಪನಿಗಳ ಪರವಾಗಿ ಊರಿನಲ್ಲಿ ತಂತಿ ಎಳೆಯುವ ಆಪರೇಟರ್‌ಗಳನ್ನೇ ಭೇಟಿಯಾಗಿ ಕೆಲವು ಪ್ರಶ್ನೆ ಕೇಳಿದೆ: ಫೈಬರ್ ಕಡಿದರೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ನಿಮ್ಮ ಬಳಿಯೇ ಇದೆಯೇ, ಭಾನುವಾರ ಯಾರು ಬರುತ್ತಾರೆ, ಕರೆಂಟ್ ಹೋದಾಗ ನಿಮ್ಮ ಕೇಂದ್ರದ ಉಪಕರಣ ಎಷ್ಟು ತಾಸು ನಡೆಯುತ್ತದೆ. ಒಬ್ಬರು ಯಂತ್ರ ಹಾಸನದಿಂದ ಬರಬೇಕು ಎಂದರು. ಇನ್ನೊಬ್ಬರು ಭಾನುವಾರದ ಪ್ರಶ್ನೆಗೆ ಉತ್ತರಿಸಲಿಲ್ಲ. ಮೂರನೆಯವರ ಬಳಿ ಸ್ವಂತ ಯಂತ್ರವಿತ್ತು, ಜನರೇಟರ್ ಇತ್ತು, ಇಬ್ಬರು ಲೈನ್‌ಮ್ಯಾನ್‌ಗಳು ಊರಿನಲ್ಲೇ ವಾಸವಿದ್ದರು, ಅವರನ್ನೇ ಆರಿಸಿಕೊಂಡೆ. ಈ ಹತ್ತೊಂಬತ್ತು ತಿಂಗಳಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳಲ್ಲಿ ಅತ್ಯಂತ ಸರಿಯಾದದ್ದು ಅದು.

ವೇಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಮ್ಮದು 100 ಎಂಬಿಪಿಎಸ್ ಪ್ಲಾನ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಕಡತ ಇಳಿಸಿಕೊಳ್ಳುವಾಗ ಸೆಕೆಂಡಿಗೆ ಗರಿಷ್ಠ 12.5 ಮೆಗಾಬೈಟ್ ಕಾಣುವುದು ಸಹಜ, ಅದನ್ನು ಮೋಸವೆಂದು ತಿಳಿಯಬಾರದು. ರೂಟರ್‌ಗೆ ನೇರವಾಗಿ ಕೇಬಲ್ ಹಾಕಿ ಅಳೆದಾಗ ಹಗಲಿನಲ್ಲಿ 94ರಿಂದ 97, ರಾತ್ರಿ ಎಂಟರಿಂದ ಹತ್ತರ ನಡುವೆ 70ರ ಆಸುಪಾಸು ಸಿಗುತ್ತದೆ. ನನಗೆ ನಿಜವಾದ ಲಾಭವಾದದ್ದು ಅಪ್‌ಲೋಡ್‌ನಲ್ಲಿ. ಹಿಂದೆ ಒಂದು ಎಂಬಿಪಿಎಸ್ ಕೂಡ ದಾಟದೆ, ಸ್ಕ್ಯಾನ್ ಮಾಡಿದ ದಾಖಲೆಗಳ ಒಂದು ಕಡತ ಹೋಗಲು ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಹೋಗುವ ವೇಗವೂ ಬರುವ ವೇಗದಷ್ಟೇ ಇದೆ.

ವೈಫೈ ಮಾತ್ರ ಮನೆಯ ಗೋಡೆಗಳ ವಿಷಯ. ನಮ್ಮದು ದಪ್ಪ ಗೋಡೆಯ ಹಂಚಿನ ಮನೆ. 5 ಗಿಗಾಹರ್ಟ್ಸ್ ಅಲೆ ಒಂದು ಗೋಡೆ ದಾಟುವಷ್ಟರಲ್ಲಿ ದಣಿಯುತ್ತದೆ, 2.4 ಗಿಗಾಹರ್ಟ್ಸ್ ಹಿತ್ತಿಲಿನ ಕೋಣೆಯವರೆಗೆ ಹೋದರೂ ಅಲ್ಲಿ 20 ಎಂಬಿಪಿಎಸ್ ದಾಟುವುದಿಲ್ಲ. ಹೆಚ್ಚು ವೇಗದ ಪ್ಲಾನ್ ತೆಗೆದುಕೊಳ್ಳಿ ಎಂದು ಕಂಪನಿಯ ಮಾರಾಟ ವಿಭಾಗದವರು ಸಲಹೆ ನೀಡಿದರು. ಅದರಿಂದ ಏನೂ ಆಗುತ್ತಿರಲಿಲ್ಲ. ಅಟ್ಟದ ಮೂಲಕ ಒಂದು ಈಥರ್ನೆಟ್ ಕೇಬಲ್ ಎಳೆಸಿ, ಹಿಂದಿನ ಕೋಣೆಗೆ ಇನ್ನೊಂದು ಸಣ್ಣ ರೂಟರ್ ಇಡಿಸಿದ ಮೇಲೆ ತೊಂದರೆ ಪೂರ್ತಿ ನೀಗಿತು.

ಈಗ ಮಳೆಗಾಲದ ವಿಷಯ. ಫೈಬರ್‌ನಲ್ಲಿ ಹರಿಯುವುದು ಬೆಳಕು. ಆಪರೇಟರ್ ಕೇಂದ್ರದಿಂದ ಹೊರಟ ಒಂದು ಎಳೆಯ ಬೆಳಕನ್ನು ಕಂಬದ ಮೇಲಿನ ಸ್ಪ್ಲಿಟರ್ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಮನೆಗೆ ತಲುಪುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮತ್ತು ಅದು ನಮ್ಮ ಗೋಡೆಯ ಒಎನ್‌ಟಿ ಪೆಟ್ಟಿಗೆಯ (ಬೆಳಕನ್ನು ಅಂತರ್ಜಾಲ ಸಂಕೇತವಾಗಿ ಬದಲಿಸುವ ಸಾಧನ) ಮಾಹಿತಿ ಪುಟದಲ್ಲೇ ಕಾಣುತ್ತದೆ. ಹಾಕಿದ ದಿನ ನಮ್ಮಲ್ಲಿ ಅದು −19 ಇತ್ತು. ಸಾಮಾನ್ಯ ಒಎನ್‌ಟಿ −27ರ ಸುಮಾರಿಗೆ ಕೈಚೆಲ್ಲುತ್ತದೆ. ಪ್ರತಿ 3 ಅಂಕ ಇಳಿದಂತೆ ಬೆಳಕು ಅರ್ಧವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಈ ಸಂಖ್ಯೆಯ ಮಹತ್ವ ತಿಳಿಯುತ್ತದೆ. 2024ರ ಜೂನ್ ಕೊನೆಗೆ ಅದು −22ಕ್ಕೆ ಇಳಿಯಿತು, ಜುಲೈ ಎರಡನೆಯ ವಾರ −25 ಆಯಿತು, ಅಂದರೆ ಬರುತ್ತಿದ್ದ ಬೆಳಕು ಮೂಲದ ಕಾಲು ಭಾಗಕ್ಕೆ ಬಂದಿತ್ತು. ಆದರೂ ವೇಗದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ನಾನು ಅದನ್ನು ಗಮನಿಸಿದರೂ ಸುಮ್ಮನಿದ್ದೆ. ಪುಷ್ಯ ಮಳೆಯ ನಾಲ್ಕನೆಯ ದಿನ ಪೆಟ್ಟಿಗೆಯ ಕೆಂಪು ದೀಪ ಹತ್ತಿ ಸಂಪರ್ಕ ನಿಂತುಹೋಯಿತು.

ಲೈನ್‌ಮ್ಯಾನ್ ಹುಡುಗ ರೇನ್‌ಕೋಟ್ ಹಾಕಿಕೊಂಡು ಏಣಿ ಏರಿ ನೋಡಿದಾಗ, ಹಲಸಿನ ಮರದ ಪಕ್ಕದ ಕಂಬದ ಪೆಟ್ಟಿಗೆಯಲ್ಲಿ ಕೈಯಿಂದ ಅದುಮಿ ಕೂರಿಸಿದ ಕನೆಕ್ಟರ್ ಒಂದಕ್ಕೆ ನೀರು ಇಳಿದಿತ್ತು, ಕೊಂಬೆಯ ತೂಗಾಟಕ್ಕೆ ಕೇಬಲ್ ಅಲ್ಲೇ ಚೂಪಾಗಿ ಮಡಚಿಕೊಂಡೂ ಇತ್ತು. ಅವನು ಕನೆಕ್ಟರ್ ತೆಗೆದು ಯಂತ್ರದಿಂದ ಎಳೆಗಳನ್ನು ಬೆಸೆದು, ಕೇಬಲ್ಲನ್ನು ಅಗಲವಾದ ಸುರುಳಿ ಮಾಡಿ ಕಟ್ಟಿದ. ಸಂಖ್ಯೆ −18.6ಕ್ಕೆ ಬಂತು, ಎರಡನೆಯ ಮಳೆಗಾಲದಲ್ಲಿಯೂ −20ರ ಕೆಳಗೆ ಹೋಗಲಿಲ್ಲ. ಸುರಿಯುವ ಮಳೆಯಲ್ಲಿ, ಅದೂ ಭಾನುವಾರ ಸಂಜೆ ಆರು ಗಂಟೆಗೆ, ಕಂಬದ ಮೇಲೆ ನಿಂತು ಕೂದಲೆಳೆಯಷ್ಟು ತೆಳುವಾದ ಗಾಜನ್ನು ಬೆಸೆಯುವ ಆ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ. ಫೈಬರ್ ಇರುವವರೆಲ್ಲರೂ ತಿಂಗಳಿಗೊಮ್ಮೆ ಆ ಪುಟ ತೆರೆದು ಸಂಖ್ಯೆ ಬರೆದುಕೊಳ್ಳಬೇಕು, ಮೂರು ಅಂಕ ಇಳಿದಾಗಲೇ ದೂರು ಕೊಡಬೇಕು. ನಾನು ಹಾಗೆ ಮಾಡಿದ್ದರೆ ಆ ದಿನದ ತೊಂದರೆ ತಪ್ಪುತ್ತಿತ್ತು.

ಮೊದಲ ಮಳೆಗಾಲದಲ್ಲಿ ಒಟ್ಟು ಹನ್ನೊಂದು ಸಲ ಸಂಪರ್ಕ ಕಡಿಯಿತು. ಏಳು ಸಲ ನಾಲ್ಕು ತಾಸಿನೊಳಗೆ ಸರಿಯಾಯಿತು. ಅತಿ ದೀರ್ಘವಾದದ್ದು 41 ತಾಸು: ರಸ್ತೆ ಕಾಮಗಾರಿಯ ಜೆಸಿಬಿ ಮುಖ್ಯ ಕೇಬಲ್ಲನ್ನೇ ಕಿತ್ತುಹಾಕಿತ್ತು, ಊರಿನ ಅರ್ಧ ಭಾಗಕ್ಕೆ ಸಂಪರ್ಕ ಇರಲಿಲ್ಲ. ಈ ವರ್ಷ ಆರು ಸಲ ಕಡಿದಿದೆ, ದೀರ್ಘವಾದದ್ದು 19 ತಾಸು. ಹಳೆಯ ಒಂಬತ್ತು ದಿನಗಳನ್ನು ನೆನೆದರೆ ಇದು ಬಹಳ ದೊಡ್ಡ ನೆಮ್ಮದಿ, ಆದರೆ 20ನೆಯ ತಾರೀಕಿಗೆ ಒಂದು ಮೊಬೈಲ್ ಡೇಟಾ ಪ್ಯಾಕ್ ಸಿದ್ಧವಾಗಿಟ್ಟುಕೊಳ್ಳುವುದನ್ನು ನಾನಿನ್ನೂ ಬಿಟ್ಟಿಲ್ಲ.

ವಿದ್ಯುತ್ ಹೋದಾಗ ಫೈಬರ್ ಏಕೆ ನಿಲ್ಲುತ್ತದೆ ಎಂದು ಹಲವರು ಕೇಳುತ್ತಾರೆ. ಕಂಬದ ಮೇಲಿನ ಸ್ಪ್ಲಿಟರ್‌ಗೆ ವಿದ್ಯುತ್ ಬೇಕಿಲ್ಲ. ಬೇಕಾಗುವುದು ಎರಡು ತುದಿಗಳಿಗೆ ಮಾತ್ರ. ಆಪರೇಟರ್ ಕೇಂದ್ರದಲ್ಲಿ ಬ್ಯಾಟರಿ ಮತ್ತು ಜನರೇಟರ್ ಇದ್ದರೆ, ನಮ್ಮ ತುದಿಯಲ್ಲಿ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಾಕು. ನಮ್ಮದು ಸುಮಾರು ನಾಲ್ಕು ತಾಸು ಬರುತ್ತದೆ. ಹಳೆಯ ಸ್ಥಿರ ದೂರವಾಣಿ ಕರೆಂಟ್ ಇಲ್ಲದಿದ್ದರೂ ನಡೆಯುತ್ತಿತ್ತು, ಫೈಬರ್‌ನ ದೂರವಾಣಿ ನಡೆಯುವುದಿಲ್ಲ ಎಂಬುದನ್ನು ತಂದೆಯವರಿಗೆ ವಿವರಿಸಿದ ಮೇಲೆ ಆ ಯುಪಿಎಸ್ ಕೊಂಡೆವು.

ಹೊಸ ಸೇವೆಯಲ್ಲಿ ನನಗೆ ತೀವ್ರ ಅಸಮಾಧಾನವಿರುವುದು ಕಂಪನಿಯ ದೂರು ವ್ಯವಸ್ಥೆಯ ಬಗ್ಗೆ. ದೂರು ನೀಡಿದ ಕೆಲವೇ ತಾಸಿನಲ್ಲಿ, ಯಾರೂ ಬಾರದೆ, ಏನೂ ಸರಿಯಾಗದೆ, ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ’ ಎಂಬ ಸಂದೇಶ ಮೂರು ಸಲ ಬಂದಿದೆ. ಇಂಥ ಸಂದೇಶ ಬಂದರೆ ದೂರು ಮುಗಿಯಿತೆಂದು ಬಿಡಬಾರದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಒಂದು ಡಾಕೆಟ್ (ದೂರಿನ ಗುರುತಿನ) ಸಂಖ್ಯೆ ಕೊಡಬೇಕು, ಪರಿಹಾರ ತೃಪ್ತಿಕರವಲ್ಲದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ನಾನು ಒಮ್ಮೆ ಸಲ್ಲಿಸಿದೆ. ಎರಡು ವಾರಗಳ ನಂತರ ಕ್ಷಮಾಪಣೆಯೂ ಆರು ದಿನಗಳ ಬಾಡಿಗೆ ವಿನಾಯಿತಿಯೂ ಬಂತು. ಹಳೆಯ ಕಂಪನಿ ಐದು ತಿಂಗಳು ಉಳಿಸಿಕೊಂಡಿದ್ದ ಠೇವಣಿ ಹಣವನ್ನೂ ಇದೇ ದಾರಿಯಲ್ಲಿ ಪಡೆದೆ.

ಇನ್ನೆರಡು ಸಂಗತಿಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹೊಸ ಕಂಪನಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ, ನಾನು ಹೊರಗಿನಿಂದ ಕಚೇರಿಯ ಕಂಪ್ಯೂಟರನ್ನು ತೆರೆಯುವುದು ನಿಂತುಹೋಯಿತು. ಮನೆಯ ಸಿಸಿಟಿವಿಯನ್ನು ದೂರದಿಂದ ನೇರವಾಗಿ ನೋಡುವವರಿಗೂ ಇದೇ ತೊಂದರೆ ಬರುತ್ತದೆ. ಸ್ಥಿರ ಐಪಿಗೆ ಬೇರೆ ಹಣ ಕಟ್ಟಿದ ಮೇಲೆ ಸರಿಯಾಯಿತು. ಇನ್ನೊಂದು, ಬಿಲ್. 699 ರೂಪಾಯಿಯ ಪ್ಲಾನ್ ಶೇಕಡಾ 18 ಜಿಎಸ್‌ಟಿ ಸೇರಿ 824.82 ರೂಪಾಯಿ ಆಗುತ್ತದೆ. ನನ್ನ ಕಚೇರಿಗೆ ನೋಂದಣಿ ಇರುವುದರಿಂದ ಆ ತೆರಿಗೆಯ ಹೂಡುವಳಿ ಜಮೆ (ನಾನು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿತ) ಸಿಗಬೇಕು, ಆದರೆ ಮೊದಲ ನಾಲ್ಕು ತಿಂಗಳು ಬಿಲ್ಲಿನಲ್ಲಿ ನನ್ನ ನೋಂದಣಿ ಸಂಖ್ಯೆಯೇ ಇರಲಿಲ್ಲ. ಸಂಪರ್ಕದ ಅರ್ಜಿ ತುಂಬುವಾಗಲೇ ಅದನ್ನು ಬರೆಸಿಬಿಡಬೇಕು.

ಪಟ್ಟಣದೊಳಗೆ ಇರುವವರಿಗೆ, ಒಳ್ಳೆಯ ಆಪರೇಟರ್ ಸಿಕ್ಕರೆ, ತಾಮ್ರದ ತಂತಿ ಬಿಟ್ಟು ಫೈಬರ್‌ಗೆ ಬನ್ನಿ ಎಂದು ಧೈರ್ಯವಾಗಿ ಹೇಳುತ್ತೇನೆ. ಆಲ್ದೂರಿನಿಂದ ಆಚೆ ತೋಟದ ಮನೆಗಳಿರುವ ನನ್ನ ಕಕ್ಷಿದಾರರಿಗೆ ಅದೇ ಮಾತನ್ನು ಹೇಳುವುದಿಲ್ಲ: ಅಲ್ಲಿ ಕೇಬಲ್ ಕಿಲೋಮೀಟರ್‌ಗಟ್ಟಲೆ ಸಿಲ್ವರ್ ಓಕ್ ಮರದಿಂದ ಮರಕ್ಕೆ ಜೋತುಬಿದ್ದು ಬರುತ್ತದೆ, ಒಂದು ಕೊಂಬೆ ಮುರಿದರೂ ಎಲ್ಲಿ ಕಡಿದಿದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ನಾನು ವರ್ಷದ ಪ್ಲಾನ್ ತೆಗೆದುಕೊಳ್ಳದೆ ಮತ್ತೆ ಆರು ತಿಂಗಳಿಗೆ ಮಾತ್ರ ಹಣ ಕಟ್ಟಿದ್ದೇನೆ. ನಮ್ಮ ಬೀದಿಯ ಇನ್ನೂ ಎರಡು ಕಂಬಗಳಲ್ಲಿ ಅದುಮಿದ ಕನೆಕ್ಟರ್‌ಗಳು ಹಾಗೆಯೇ ಉಳಿದಿವೆ. ಬರುವ ಮೃಗಶಿರಾ ಮಳೆಗೆ ಮುಂಚೆ ಅವನ್ನೂ ಬೆಸೆದು ಕೊಡುವುದಾಗಿ ಆಪರೇಟರ್ ಒಪ್ಪಿದ್ದಾರೆ.