ರಾಧಾನಗರ ಬೀಚ್: ಸಂಜೆಯ ಫೋಟೋ ನಂಬಿ ಹೋಗಬೇಡಿ, ಬೆಳಗ್ಗೆ ಹೋಗಿ

ಜಗತ್ತಿನ ಸುಂದರ ಕಡಲತೀರಗಳ ಪಟ್ಟಿ ಯಾರೇ ಮಾಡಲಿ, ಭಾರತದ ಲೆಕ್ಕಕ್ಕೆ ಹೆಚ್ಚಾಗಿ ಬರುವ ಹೆಸರು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ರಾಧಾನಗರ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಎಂದಿತು. ಅಲ್ಲಿನ ಪ್ರತಿ ಆಟೋದವರೂ ಪ್ರತಿ ಟೂರ್ ಗೈಡೂ ಇವತ್ತಿಗೂ ಅದನ್ನೇ ಹೇಳುತ್ತಾರೆ. 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಸಿಗುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ಅದೇ ಕಂತಿನಲ್ಲಿ ನಮ್ಮ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ ಸಿಕ್ಕಿತ್ತು. ಹಾಗಾಗಿ ಬ್ಲೂ ಫ್ಲ್ಯಾಗ್ ನೋಡಲೆಂದೇ ಅಂಡಮಾನಿಗೆ ಹೋಗಬೇಕಾಗಿಲ್ಲ. ರಾಧಾನಗರಕ್ಕೆ ಹೋಗಬೇಕಾದದ್ದು ಬೇರೆ ಕಾರಣಕ್ಕೆ.

ಮೊದಲನೆಯದು ಮರಳು. ನಮ್ಮ ಕರಾವಳಿಯ ಕಂದು ಮರಳು ಮಧ್ಯಾಹ್ನ ಹನ್ನೆರಡಕ್ಕೆ ಅಂಗಾಲು ಸುಡುತ್ತದೆ. ಇಲ್ಲಿನದು ಬಹುಪಾಲು ಹವಳ, ಚಿಪ್ಪುಗಳ ಪುಡಿ. ಬಿಳಿ ಬಣ್ಣ, ಮೈದಾದಷ್ಟು ನಯ, ಬಿಸಿಲಲ್ಲೂ ಬರಿಗಾಲಲ್ಲಿ ನಡೆಯುವಷ್ಟು ತಂಪು. ಎರಡನೆಯದು ಕಾಡು. ದಂಡೆಯ ಬೆನ್ನಿಗೇ ಸಮುದ್ರ ಮಹುವಾದ ದೈತ್ಯ ಮರಗಳು ಗೋಡೆಯ ಹಾಗೆ ನಿಂತಿವೆ. ಸುಮಾರು ಎರಡು ಕಿಲೋಮೀಟರ್ ಉದ್ದದ ದಂಡೆಯಲ್ಲಿ ನೀರಿನಿಂದ ತಿರುಗಿ ನೋಡಿದರೆ ಹೋಟೆಲಿನ ಗೋಡೆಗಿಂತ ಮೊದಲು ಕಣ್ಣಿಗೆ ಬೀಳುವುದು ಹಸಿರೇ. ಮೂರನೆಯದು ತಳ. ಬಂಡೆ ಇಲ್ಲ, ಹವಳದ ಚೂಪಿಲ್ಲ, ನಿಧಾನವಾಗಿ ಇಳಿಯುವ ಮರಳು. ಈಜು ಅಷ್ಟಾಗಿ ಬಾರದವರೂ ಸೊಂಟಮಟ್ಟದ ನೀರಿನಲ್ಲಿ ನಿಂತು ಅಲೆ ಹಾರಬಹುದು.

ಎಲ್ಲರೂ ಎಡವುವುದು ಹೊತ್ತಿನ ವಿಷಯದಲ್ಲಿ. ಪ್ಯಾಕೇಜ್‌ನವರು ದೋಣಿ ಇಳಿಸಿ, ರೂಮಿಗೆ ಸಾಮಾನು ಹಾಕಿಸಿ, ಊಟ ಮುಗಿಸಿ, ಸೂರ್ಯಾಸ್ತ ನೋಡಿ ಎಂದು ಮೂರೂವರೆಗೆ ಕರೆದೊಯ್ಯುತ್ತಾರೆ. ಎಲ್ಲ ಪ್ಯಾಕೇಜಿನ ಎಲ್ಲ ಗಾಡಿಗಳೂ ಅದೇ ಹೊತ್ತಿಗೆ. ದಂಡೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಆಗ ಸೂರ್ಯ ನೇರ ಎದುರಿಗಿರುತ್ತಾನೆ. ನೀರು ತಗಡಿನ ಹಾಗೆ ಹೊಳೆಯುತ್ತದೆ, ಜಾಹೀರಾತಿನ ಆ ನೀಲಿ-ಹಸಿರು ಕಾಣುವುದೇ ಇಲ್ಲ. ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಹೋಗಿ ನೋಡಿ: ಸೂರ್ಯ ಬೆನ್ನ ಹಿಂದೆ, ಕಾಡಿನ ಮೇಲಿಂದ ಏರುತ್ತಾನೆ, ಬೆಳಕು ನೀರಿನೊಳಗೆ ಇಳಿದು ತಳದ ಬಿಳಿ ಮರಳಿಗೆ ತಾಗಿ ವಾಪಸು ಬರುತ್ತದೆ. ದಡದಲ್ಲಿ ತಿಳಿ ಹಸಿರು, ನಾಲ್ಕು ಮಾರು ಆಚೆ ವೈಡೂರ್ಯ, ಅದರಾಚೆ ಗಾಢ ನೀಲಿ. ಮರದ ನೆರಳೂ ಇನ್ನೂ ದಂಡೆಯ ಮೇಲೇ ಇರುತ್ತದೆ.

ಸೂರ್ಯಾಸ್ತವೂ ಬೇಕೆಂದರೆ ಗಡಿಯಾರದ ಲೆಕ್ಕ ಬದಲಿಸಿಕೊಳ್ಳಿ. ಮಲ್ಪೆಗಿಂತ ಈ ದ್ವೀಪ 18 ಡಿಗ್ರಿಯಷ್ಟು ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಮಲ್ಪೆಯಲ್ಲಿ ಆರು ದಾಟಿ ಮುಳುಗುವ ಸೂರ್ಯ ಇಲ್ಲಿ ಐದರ ಆಸುಪಾಸಿಗೇ ಮುಳುಗುತ್ತಾನೆ. ಕತ್ತಲಾಗುತ್ತಿದ್ದಂತೆ ಜೀವರಕ್ಷಕರು ಸೀಟಿ ಊದಿ ಎಲ್ಲರನ್ನೂ ಹೊರಡಿಸುತ್ತಾರೆ. ‘ಐದೂವರೆಗೆ ಟೀ ಕುಡಿದು ಹೋಗೋಣ’ ಎಂದವರಿಗೆ ಸಿಗುವುದು ಪಾರ್ಕಿಂಗ್ ಜಾಗದ ಟ್ರಾಫಿಕ್ ಮಾತ್ರ.

ಹೋಗುವ ದಾರಿ: ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ನೇರ ವಿಮಾನ, ಅಲ್ಲಿಂದ ಹ್ಯಾವ್‌ಲಾಕ್‌ಗೆ ದೋಣಿ. 2018ರ ಕೊನೆಗೆ ದ್ವೀಪದ ಹೆಸರು ಸ್ವರಾಜ್ ದ್ವೀಪ ಎಂದಾಯಿತು. ಟಿಕೆಟಿನಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ, ಊರು ಅದೇ. ಖಾಸಗಿ ದೋಣಿ ಒಂದೂವರೆಯಿಂದ ಎರಡು ಗಂಟೆ, ಏಸಿ ಇದೆ, ಕಿಟಕಿ ತೆರೆಯುವುದಿಲ್ಲ. ಸರ್ಕಾರಿ ದೋಣಿ ಇನ್ನೂ ನಿಧಾನ, ತುಂಬಾ ಅಗ್ಗ, ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು, ಆದರೆ ಟಿಕೆಟ್ ಬೇಗ ಖಾಲಿ. ವಾಂತಿ ಬರುವವರು ಮಾತ್ರೆಯನ್ನು ಹತ್ತುವುದಕ್ಕೆ ಅರ್ಧ ಗಂಟೆ ಮೊದಲೇ ನುಂಗಿ, ಕೆಳಗಿನ ಅಂತಸ್ತಿನ ಮಧ್ಯದ ಸೀಟು ಕೇಳಿ. ಮುಂದಿನ ಸಾಲು ಹೆಚ್ಚು ಎತ್ತಿ ಹಾಕುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ದ್ವೀಪದಿಂದ ವಾಪಸು ಬರುವ ದೋಣಿಯನ್ನೂ ಊರಿಗೆ ಮರಳುವ ವಿಮಾನವನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುವುದು. ಗಾಳಿ ಎದ್ದರೆ ದೋಣಿ ರದ್ದಾಗುತ್ತದೆ, ವಿಮಾನ ಕಾಯುವುದಿಲ್ಲ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಕಡಲು ಒರಟು. ಆ ತಿಂಗಳುಗಳಲ್ಲಿ ಹೋಗುವುದಾದರೆ ಒಂದಲ್ಲ, ಎರಡು ದಿನ ಕೈಯಲ್ಲಿಟ್ಟುಕೊಳ್ಳಿ.

ಜೆಟ್ಟಿಯಿಂದ ರಾಧಾನಗರ ಸುಮಾರು 12 ಕಿಲೋಮೀಟರ್. ಆಟೋ, ಬಾಡಿಗೆ ಸ್ಕೂಟರ್, ದಿನಕ್ಕೆ ಕೆಲವೇ ಬಾರಿ ಓಡುವ ಸರ್ಕಾರಿ ಬಸ್ಸು. ಬೀಚಿನ ಬಳಿ ಉಳಿಯುವ ಜಾಗ ಕಡಿಮೆ, ದುಬಾರಿ. ಹೆಚ್ಚಿನ ರೆಸಾರ್ಟ್‌ಗಳು ಪೂರ್ವದ 3 ಮತ್ತು 5ನೇ ನಂಬರಿನ ಬೀಚ್ ಕಡೆ (ರಾಧಾನಗರ 7ನೇ ನಂಬರು). ‘ಸಮುದ್ರಕ್ಕೆ ತಾಗಿದ ಕಾಟೇಜ್’ ಎಂದು ಆ ಕಡೆ ದುಡ್ಡು ಸುರಿಯುವವರು ಒಂದು ತಿಳಿದಿರಲಿ: ಅಲ್ಲಿ ಇಳಿತದಲ್ಲಿ ನೀರು ದೂರ ಸರಿದು ಕಲ್ಲು, ಸತ್ತ ಹವಳ ಮೇಲೆ ಬರುತ್ತವೆ. ಬೆಳಗಿನ ಚಿತ್ರ ಚಂದ, ಸ್ನಾನಕ್ಕೆ ಉಪಯೋಗವಿಲ್ಲ. ರಾಧಾನಗರದಲ್ಲಿ ಇಳಿತವಿದ್ದರೂ ಈಜಬಹುದು. ಸ್ನಾರ್ಕೆಲಿಂಗಿಗೆ ಮಾತ್ರ ಇದು ಜಾಗವಲ್ಲ. ಮರಳು ಬಿಟ್ಟು ಕೆಳಗೆ ನೋಡಲು ಏನಿದೆ? ಅದಕ್ಕೆ ಇದೇ ದ್ವೀಪದ ಎಲಿಫೆಂಟ್ ಬೀಚ್.

ಇನ್ನು ಯಾವ ಕರಪತ್ರದಲ್ಲೂ ಇರದ ಮರಳು ನೊಣ. ಸಾಸಿವೆಗಿಂತ ಸಣ್ಣದು, ಕಚ್ಚುವಾಗ ಗೊತ್ತಾಗುವುದಿಲ್ಲ, ರಾತ್ರಿ ಕಣಕಾಲಿನ ಸುತ್ತ ಕೆಂಪು ಗುಳ್ಳೆ ಎದ್ದು ವಾರಗಟ್ಟಲೆ ತುರಿಸುತ್ತದೆ. ಒಣ ಮರಳು, ಕೊಳೆತ ಎಲೆಯ ಬಳಿ, ಮುಂಜಾನೆ ಮುಸ್ಸಂಜೆಗಳಲ್ಲಿ ಕಾಟ ಜಾಸ್ತಿ. ಕಾಲಿಗೆ ದಪ್ಪಗೆ ಕೊಬ್ಬರಿ ಎಣ್ಣೆ ಹಚ್ಚಿ, ಟವೆಲಿಗಿಂತ ದಪ್ಪ ಚಾಪೆ ಹಾಸಿ ಕೂರಿ, ಕಚ್ಚಿದರೆ ಕೆರೆಯಬೇಡಿ. ಕೆರೆದ ಗುಳ್ಳೆ ಕೀವಾಗುತ್ತದೆ.

ಬಲಕ್ಕೆ ನಡೆದರೆ ನೀಲ್ಸ್ ಕೋವ್ ಎಂಬ ಶಾಂತ ಕೊಲ್ಲಿ. ಕೊಳದಂಥ ನೀರು ಕಂಡು ಮಕ್ಕಳನ್ನು ಇಳಿಸಬೇಡಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, 2010ರಲ್ಲಿ ಅಲ್ಲೇ ಹತ್ತಿರ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ಎಚ್ಚರಿಕೆ ಫಲಕದ ಮುಂದೆಯೇ ಸೆಲ್ಫಿ ತೆಗೆದು ನೀರಿಗಿಳಿಯುವವರಿಗೆ ಹೇಳುವುದೇನೂ ಇಲ್ಲ. ಈಜುವುದು ಧ್ವಜ ನೆಟ್ಟ, ಜೀವರಕ್ಷಕರಿರುವ ಭಾಗದಲ್ಲೇ.

ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇವೆ. ಬಾಗಿಲ ಬಳಿಯ ಅಂಗಡಿಗಳಲ್ಲಿ ಎಳನೀರು, ಮೀನಿನ ಥಾಲಿ ಸಿಗುತ್ತದೆ. ಬಂಗಾಳಿ ಕೈ, ಸಾಸಿವೆ ಎಣ್ಣೆಯ ಘಮ. ನೆಟ್‌ವರ್ಕ್ ನಂಬಿ ಯುಪಿಐ ಮಾತ್ರ ಇಟ್ಟುಕೊಳ್ಳಬೇಡಿ, ನೋಟು ಒಯ್ಯಿರಿ.

ನಮ್ಮ ಅಂಕ 5ಕ್ಕೆ ನಾಲ್ಕೂವರೆ, ಬೆಳಗ್ಗೆ ಹೋದರೆ. ಡಿಸೆಂಬರ್ ಕೊನೆಯ ವಾರದ ಸಂಜೆಗೆ ಮೂರೂ ಜಾಸ್ತಿ. ಹೊರಡುವಾಗ ಮಕ್ಕಳ ಜೇಬು ನೋಡಿ: ಹವಳ, ಚಿಪ್ಪು ಹೆಕ್ಕಿ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೂಟ್‌ಕೇಸ್ ಬಿಚ್ಚಿಸಿ ತೆಗೆಸುತ್ತಾರೆ.