ಮನೆಯ ಕೂಟಕ್ಕೆ ಗಡ್‌ಬಡ್: ನಂದಿನಿ ವೆನಿಲ್ಲಾ ಡಬ್ಬಿಯನ್ನು ಬಳಸಿ ನೋಡಿದ ಮೇಲೆ

ಕರಾವಳಿಯಲ್ಲಿ ಬೆಳೆದವರಿಗೆ ಬೇಸಿಗೆ ರಜೆಯೆಂದರೆ ಮಾವು, ಹಲಸು ಮತ್ತು ಎತ್ತರದ ಗಾಜಿನ ಲೋಟದಲ್ಲಿ ಉದ್ದ ಚಮಚ ಚುಚ್ಚಿ ತಂದಿಡುವ ಗಡ್‌ಬಡ್. ಉಡುಪಿಯ ಡಯಾನಾ ಹೋಟೆಲಿನಲ್ಲಿ ಇದು ಹುಟ್ಟಿತೆಂದೂ, ಅವಸರದಲ್ಲಿದ್ದ ಗಿರಾಕಿಗಳಿಗೆ ಕೈಗೆ ಸಿಕ್ಕಿದ ಐಸ್‌ಕ್ರೀಂ, ಹಣ್ಣು, ಜೆಲ್ಲಿಗಳನ್ನು ಒಂದರ ಮೇಲೊಂದು ಹಾಕಿ ಕೊಟ್ಟದ್ದರಿಂದಲೇ ಈ ಹೆಸರು ಬಂದಿತೆಂದೂ ಊರಿನಲ್ಲಿ ಹೇಳುತ್ತಾರೆ. ಮಂಗಳೂರಿನಲ್ಲಿ 1975ರಲ್ಲಿ ಆರಂಭವಾದ ಐಡಿಯಲ್‌ನವರ ಅಂಗಡಿಗಳಲ್ಲಿ, ಅದರಲ್ಲೂ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಕುಳಿತು ತಿಂದ ಗಡ್‌ಬಡ್ಡೇ ನನ್ನ ಮಟ್ಟಿಗೆ ಇಂದಿಗೂ ಅಳತೆಗೋಲು. ಕಳೆದ ಏಪ್ರಿಲ್‌ನ ಒಂದು ಭಾನುವಾರ ಕಾಲೇಜಿನ ಗೆಳೆಯರು ಸಂಸಾರ ಸಮೇತ ಬೆಂಗಳೂರಿನ ನಮ್ಮ ಮನೆಗೆ ಬರುವವರಿದ್ದಾಗ, ಒಟ್ಟು ಹನ್ನೆರಡು ಜನರಿಗೆ ಈ ಗಡ್‌ಬಡ್ಡನ್ನೇ ಮಾಡಬೇಕೆಂದು ನಿಶ್ಚಯಿಸಿ, ನಂದಿನಿಯ ಒಂದು ಲೀಟರಿನ ಡಬ್ಬಿಗಳನ್ನು ಎರಡು ವೆನಿಲ್ಲಾ, ಒಂದು ಮಾವು ಎಂಬ ಲೆಕ್ಕದಲ್ಲಿ ತಂದಿದ್ದೆ. ಈ ಬರಹ ಮುಖ್ಯವಾಗಿ ಆ ವೆನಿಲ್ಲಾದ ಕುರಿತು.

ನಂದಿನಿಯನ್ನೇ ಆರಿಸಿಕೊಂಡದ್ದಕ್ಕೆ ಹಿಂದಿನ ವರ್ಷದ ಒಂದು ಅನುಭವವೇ ಕಾರಣ. ಆಗ ಒಂದಕ್ಕೆ ಇನ್ನೊಂದು ಉಚಿತವೆಂದು ಮಾರುತ್ತಿದ್ದ ಬೇರೊಂದು ಕಂಪನಿಯ ದೊಡ್ಡ ಡಬ್ಬಿಗಳನ್ನು ತಂದಿದ್ದೆ. ಲೋಟದಲ್ಲಿ ನೋಡಲು ಸೊಗಸಾಗಿತ್ತು, ಬೇಗ ಕರಗಲೂ ಇಲ್ಲ. ಆದರೆ ಕರಗಿದ ಮೇಲೆ ಅದು ಹಾಲಾಗಿ ಇಳಿಯುವ ಬದಲು ನೊರೆಯಂತೆ ಲೋಟದ ಗೋಡೆಗೆ ಅಂಟಿಕೊಂಡೇ ನಿಂತಿತು; ತಿಂದವರ ಅಂಗುಳಿನ ಮೇಲೆ ಮೇಣ ಸವರಿದಂತಹ ಜಿಡ್ಡು ಉಳಿಯಿತು; ಕೆಳಗಿದ್ದ ಜೆಲ್ಲಿ ಒಣಗಿದ್ದ ಹಾಗೆಯೇ ಇತ್ತು. ಅನುಮಾನ ಬಂದು ಡಬ್ಬಿಯನ್ನು ತಿರುಗಿಸಿ ನೋಡಿದಾಗ ಸಣ್ಣ ಅಕ್ಷರಗಳಲ್ಲಿ ‘ಫ್ರೋಜನ್ ಡೆಸರ್ಟ್’ ಎಂದು ಬರೆದಿತ್ತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಬರಿಯ ‘ಐಸ್‌ಕ್ರೀಂ’ ಎಂದು ಕರೆಸಿಕೊಳ್ಳಬೇಕಾದರೆ ಅದರಲ್ಲಿ ಕನಿಷ್ಠ ಶೇಕಡಾ 10ರಷ್ಟು ಹಾಲಿನ ಕೊಬ್ಬು ಇರಬೇಕು; ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆಯನ್ನು ಬಳಸಿದರೆ ಅದನ್ನು ಫ್ರೋಜನ್ ಡೆಸರ್ಟ್ ಎಂದೇ ಕರೆಯಬೇಕು. ಕಡ್ಡಿಗೆ ಚುಚ್ಚಿದ ಕ್ಯಾಂಡಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಡದಿರಬಹುದು. ಗಡ್‌ಬಡ್‌ನಲ್ಲಿ ಮಾತ್ರ ಅದು ಇಡೀ ಲೋಟವನ್ನು ಕೆಡಿಸುತ್ತದೆ, ಏಕೆಂದರೆ ಗಡ್‌ಬಡ್‌ನ ಜೀವವಿರುವುದು ಐಸ್‌ಕ್ರೀಂ ಕರಗುವುದರಲ್ಲಿ. ಮೇಲಿನ ಉಂಡೆ ಕರಗಿ, ಹಣ್ಣಿನ ಚೂರುಗಳ ಸಂದಿಯಲ್ಲಿ ಇಳಿದು, ಅನಾನಸಿನ ಹುಳಿಯನ್ನೂ ದ್ರಾಕ್ಷಿಯ ಸಿಹಿಯನ್ನೂ ಜೊತೆಗೆ ಒಯ್ದು ತಳದ ಜೆಲ್ಲಿಯನ್ನು ಮುಳುಗಿಸಬೇಕು. ಆ ಕೊನೆಯ ನಾಲ್ಕು ಚಮಚ ರಸಕ್ಕಾಗಿಯೇ ಮಕ್ಕಳು ಲೋಟವನ್ನು ಓರೆ ಮಾಡಿ ಕೆರೆಯುತ್ತಾರೆ.

ನಂದಿನಿ ವೆನಿಲ್ಲಾ ಈ ಪರೀಕ್ಷೆಯಲ್ಲಿ ಪೂರ್ಣವಾಗಿ ಗೆದ್ದಿತು. ಬಾಯಲ್ಲಿಟ್ಟ ತಕ್ಷಣ ಮೊದಲು ತಿಳಿಯುವುದು ಹಾಲಿನ ರುಚಿ, ಆಮೇಲೆ ವೆನಿಲ್ಲಾ. ಪರಿಮಳ ಸೌಮ್ಯವಾಗಿರುವುದರಿಂದ, ಬರಿಯ ಐಸ್‌ಕ್ರೀಮನ್ನು ಬಟ್ಟಲಿನಲ್ಲಿ ಹಾಕಿಕೊಂಡು ತಿನ್ನುವವರಿಗೆ ಇದು ತೀರ ಸಾದಾ ಎನಿಸಬಹುದು. ಆದರೆ ನಾಲ್ಕಾರು ಬಗೆಯ ಹಣ್ಣು, ಗೋಡಂಬಿ, ಟೂಟಿ ಫ್ರೂಟಿ ಎಲ್ಲವೂ ಸೇರುವ ಕಡೆ ಇಂತಹ ಸಾದಾತನವೇ ಬೇಕಾದ ಗುಣ. ಲೋಟದ ಹೊರಗಿನಿಂದ ನೋಡುತ್ತಿದ್ದರೆ, ಎಂಟು ಹತ್ತು ನಿಮಿಷಗಳಲ್ಲಿ ಬಿಳಿಯ ಗೆರೆಯೊಂದು ಪಪ್ಪಾಯಿ ಚೂರಿನ ಪಕ್ಕದಿಂದ ಹೊರಟು, ನಿಧಾನವಾಗಿ ಕೆಂಪು ಜೆಲ್ಲಿಯ ಮೇಲೆ ಬಂದು ಹರಡಿಕೊಂಡದ್ದು ಕಾಣಿಸಿತು. ಊರಿನ ಅಂಗಡಿಯಲ್ಲಿ ಕುಳಿತಾಗ ಕಾಣುತ್ತಿದ್ದುದೂ ಅದೇ ಗೆರೆ.

ಅಳತೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ಕೂಟ ಕರೆಯುವವರು ತಪ್ಪುವುದು ಇಲ್ಲಿಯೇ. ಒಂದು ಲೋಟಕ್ಕೆ ಮೂರು ಉಂಡೆ, ಒಂದು ಉಂಡೆ ಸುಮಾರು 60 ಮಿಲಿಲೀಟರ್ ಎಂದಿಟ್ಟುಕೊಂಡರೆ ಒಂದು ಲೀಟರಿನ ಡಬ್ಬಿಯಿಂದ ಐದು ಲೋಟ ತುಂಬಬಹುದು. ಹನ್ನೆರಡು ಲೋಟಕ್ಕೆ ಎರಡೂಕಾಲು ಲೀಟರು ಸಾಕಾದರೂ, ಎರಡನೆಯ ಸಲ ಕೇಳುವವರಿಗಾಗಿ ಮೂರು ಡಬ್ಬಿ ಇರುವುದು ಕ್ಷೇಮ. ಐಸ್‌ಕ್ರೀಮನ್ನು ಲೀಟರಿನ ಲೆಕ್ಕದಲ್ಲಿ ಮಾರುವುದರಿಂದ, ಅದರೊಳಗೆ ಸೇರಿಸಿರುವ ಗಾಳಿಗೂ ನಾವು ಹಣ ಕೊಡುತ್ತೇವೆಂಬುದನ್ನು ಮರೆಯಬಾರದು. ನಿಯಮದಂತೆ ಒಂದು ಲೀಟರು ಐಸ್‌ಕ್ರೀಂ 525 ಗ್ರಾಮಿಗಿಂತ ಕಡಿಮೆ ತೂಗುವಂತಿಲ್ಲ. ಆದ್ದರಿಂದ ಎರಡು ಡಬ್ಬಿಗಳ ಬೆಲೆಯನ್ನು ಹೋಲಿಸುವ ಮೊದಲು ಅವುಗಳ ಮೇಲಿನ ತೂಕವನ್ನು ಓದುವುದು ಒಳ್ಳೆಯದು.

ಜೆಲ್ಲಿಗೆ ನಾನು ಚೈನಾ ಗ್ರಾಸ್ ಬಳಸಿದೆ. ಅದು ಕಡಲ ಪಾಚಿಯಿಂದ ಬರುವ ವಸ್ತುವಾದ್ದರಿಂದ ಸಸ್ಯಾಹಾರಿ ಗೆಳೆಯರಿಗೂ ಸಲ್ಲುತ್ತದೆ, ಅಲ್ಲದೆ ಒಮ್ಮೆ ಗಟ್ಟಿಯಾದ ಮೇಲೆ ಬೇಸಿಗೆಯ ಕೋಣೆಯಲ್ಲಿಯೂ ಕರಗದೆ ನಿಲ್ಲುತ್ತದೆ. ಜೆಲಾಟಿನ್ ಬಳಸಿ ಮಾಡಿದ ಜೆಲ್ಲಿ ಸೆಕೆಗೆ ಬೇಗ ಸೋಲುತ್ತದೆ. ಹಸಿ ಅನಾನಸಿನಲ್ಲಿರುವ ಕಿಣ್ವ ಅದನ್ನು ಗಟ್ಟಿಯಾಗಲು ಬಿಡುವುದೂ ಇಲ್ಲ. ಹಿಂದಿನ ರಾತ್ರಿಯೇ ತಟ್ಟೆಯಲ್ಲಿ ಹೊಯ್ದು ಫ್ರಿಜ್‌ನಲ್ಲಿಟ್ಟಿದ್ದರೆ ಮರುದಿನ ಚಾಕುವಿನಿಂದ ಚೌಕವಾಗಿ ಕತ್ತರಿಸುವ ಕೆಲಸ ಮಾತ್ರ ಉಳಿಯುತ್ತದೆ. ಹಣ್ಣುಗಳಲ್ಲಿ ಪಪ್ಪಾಯಿ, ಅನಾನಸು, ಸೇಬು, ಬೀಜವಿಲ್ಲದ ದ್ರಾಕ್ಷಿ ಇದ್ದವು. ಕಲ್ಲಂಗಡಿಯನ್ನು ಹಾಕಬಾರದು, ಅದು ನೀರು ಬಿಟ್ಟು ಎಲ್ಲವನ್ನೂ ತೆಳ್ಳಗೆ ಮಾಡುತ್ತದೆ. ತಳದಲ್ಲಿ ಜೆಲ್ಲಿ, ಅದರ ಮೇಲೆ ವೆನಿಲ್ಲಾ, ಬಳಿಕ ಹಣ್ಣು, ಮಾವಿನ ಐಸ್‌ಕ್ರೀಂ, ಹುರಿದ ಗೋಡಂಬಿ ಮತ್ತು ಒಣದ್ರಾಕ್ಷಿ, ಮತ್ತೆ ವೆನಿಲ್ಲಾ, ತುದಿಗೊಂದು ಚೆರಿ: ಈ ಕ್ರಮದಲ್ಲಿ ಒಂದು ಲೋಟ ತುಂಬಲು ಎರಡು ನಿಮಿಷವೂ ಬೇಕಾಗಲಿಲ್ಲ. ಲೋಟಗಳನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿದ್ದುದು ಬಹಳ ಉಪಯೋಗಕ್ಕೆ ಬಂದಿತು.

ಫ್ರೀಜರಿನಿಂದ ಆಗ ತಾನೇ ತೆಗೆದ ಡಬ್ಬಿ ಕಲ್ಲಿನಂತಿರುತ್ತದೆ. ಅದನ್ನು ಹೊರಗೆ ಮೇಜಿನ ಮೇಲಿಟ್ಟರೆ ಅಂಚು ನೀರಾಗಿ ನಡುಭಾಗ ಗಟ್ಟಿಯಾಗಿಯೇ ಉಳಿಯುವುದರಿಂದ, ಹತ್ತು ಹದಿನೈದು ನಿಮಿಷ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು ಮೆದುವಾಗಿಸಬೇಕು. ಹಾಗೆ ಮಾಡಿದಾಗ ನಂದಿನಿಯ ಡಬ್ಬಿಯಿಂದ ಉಂಡೆಗಳು ದುಂಡಗೆ, ಪುಡಿಯಾಗದೆ ಎದ್ದು ಬಂದವು. ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವ ಪ್ರಯತ್ನ ಮಾತ್ರ ಬೇಡ. ಒಳಗಿನ ಗಾಳಿ ಹೊರಟುಹೋಗಿ, ಮಂಜಿನ ಹರಳುಗಳು ದೊಡ್ಡದಾಗಿ, ಮರುದಿನ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ.

ಗಡ್‌ಬಡ್‌ಗೆ ಬೇಕಾದಷ್ಟು ಸಿದ್ಧತೆಗೂ ಸಮಯವಿಲ್ಲದವರು ಇದೇ ವೆನಿಲ್ಲಾವನ್ನು ಬಿಸಿ ಹೋಳಿಗೆಯ ಮೇಲೋ, ಮಾವಿನ ಹಣ್ಣಿನ ಸೀಕರಣೆಯ ಮೇಲೋ ಒಂದು ಉಂಡೆ ಇಟ್ಟು ಕೊಡಬಹುದು, ಎರಡೂ ಚೆನ್ನಾಗಿರುತ್ತವೆ. ನನಗೆ ಇವೆರಡಕ್ಕಿಂತಲೂ ಹಿಡಿಸಿದ್ದು ಊಟವಾದ ಮೇಲೆ ದೊಡ್ಡವರಿಗೆಂದು ಕೊಟ್ಟ ಮೂರನೆಯ ಬಗೆ. ಸಣ್ಣ ಲೋಟದಲ್ಲಿ ಎರಡು ಉಂಡೆ ವೆನಿಲ್ಲಾ ಹಾಕಿ, ಆಗ ತಾನೇ ಇಳಿದ ಗಟ್ಟಿ ಡಿಕಾಕ್ಷನ್ನನ್ನು ಸಕ್ಕರೆ ಬೆರೆಸದೆ ನಾಲ್ಕು ಚಮಚದಷ್ಟು ಮೇಲಿನಿಂದ ಸುರಿದೆ. ಕಾಫಿಯ ಕಹಿ ಹಾಲಿನ ಸಿಹಿಯೊಳಗೆ ಇಳಿಯುತ್ತಿದ್ದಂತೆ, ಬಿಸಿ ತಗುಲಿದಲ್ಲಿ ತೆಳುವಾದ ಕಂದು ಕೆನೆ ಕಟ್ಟಿತು. ಸಿಹಿ ಬೇಡವೆಂದು ಮೊದಲೇ ಹೇಳಿದ್ದ ಗೆಳತಿಯೊಬ್ಬಳು ಇದನ್ನು ಎರಡು ಸಲ ಕೇಳಿ ಹಾಕಿಸಿಕೊಂಡಳು.

ಅಂಗಡಿಯ ಗಡ್‌ಬಡ್‌ಗೆ ಇದು ಸರಿಸಮವೇ ಎಂದು ಕೇಳಿದರೆ, ಅಷ್ಟು ಬಗೆಯ ಐಸ್‌ಕ್ರೀಮುಗಳನ್ನು ಮನೆಯಲ್ಲಿ ಒಟ್ಟಿಗೆ ಇಟ್ಟುಕೊಳ್ಳಲಾಗದ ಕಾರಣ ಆ ವೈವಿಧ್ಯ ಇಲ್ಲಿ ಬರುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಹಣ್ಣು ಹೆಚ್ಚು, ಸಿರಪ್ ಕಡಿಮೆ ಎಂಬಂತೆ ನಮಗೆ ಬೇಕಾದ ಹಾಗೆ ತುಂಬಿಸಿಕೊಳ್ಳುವ ಅನುಕೂಲ ಮನೆಯ ಲೋಟಕ್ಕಿದೆ. ಅಂದು ಮಾವಿನ ಡಬ್ಬಿಯಲ್ಲಿ ಕಾಲುಭಾಗ ಉಳಿಯಿತು, ವೆನಿಲ್ಲಾದ ಎರಡೂ ಡಬ್ಬಿಗಳು ಬರಿದಾದವು. ಮುಂದಿನ ಕೂಟಕ್ಕೆ ವೆನಿಲ್ಲಾವನ್ನೇ ಮೂರು ತಂದು, ಮಾವನ್ನು ಹಣ್ಣಿನ ರೂಪದಲ್ಲಿಯೇ ಹಾಕಬೇಕೆಂದಿದ್ದೇನೆ.